ದಿನಚರ್ಯೆಯೂ ದಿನವಹಿಯೂ: ಹಟ್ಟಿಯಂಗಡಿ ಸೀಮೆಯನ್ನು ಕುರಿತ ಒಂದು ವಿಚಾರ

ಉಡುಪಿ ಜಿಲ್ಲೆಯ ಕುಂದಾಪುರ ತಾಲ್ಲೂಕಿಗೆ ಸೇರಿದ ಹಟ್ಟಿಯಂಗಡಿಯು ವಾರಾಹೀ ನದಿಯ ತಡಿಯಲ್ಲಿರುವ ಪ್ರಾಚೀನ ಗ್ರಾಮ. ಇಂದು ಅದು ಸಿದ್ಧಿವಿನಾಯಕನ ಕ್ಷೇತ್ರವೆಂದು ಸರ್ವತ್ರ ಪ್ರಸಿದ್ಧವಾಗಿದೆ. ಜಟಾಧಾರಿಯೂ ದ್ವಿಭುಜನೂ ಆದ ಆ ವಿನಾಯಕನ ಮೂರ್ತಿಯನ್ನು ಶಿಲ್ಪಲಕ್ಷಣವನ್ನು ಬಲ್ಲವರು ಆಳುಪರ ಕಾಲಕ್ಕೆ ಒಯ್ಯುವರು. ಅಲ್ಲಿ ಲೋಕನಾಥೇಶ್ವರನ ಗುಡಿಯೂ ಜೈನಬಸದಿಯೂ ಇರುವುದರಿಂದ, ಈಗ ಗದ್ದೆ ತೋಟಗಳ ನಡುವೆ ಶಾಂತವಾಗಿರುವ ಈ ಸ್ಥಳವು ಹಿಂದೆ ಜನವೂ ಧನವೂ ಕೂಡಿದ್ದ ಊರಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಅದೇ ನದಿಯ ತಡಿಯಲ್ಲಿ, ಅದಕ್ಕೆ ದೂರವಲ್ಲದೆ, ಸಮುದ್ರವ್ಯಾಪಾರಕ್ಕೆ ಹೆಸರಾದ ಬಸರೂರು ಇರುವುದು. ಇಂಥ ಸೀಮೆಯ ಶಾಸನಗಳನ್ನು ಓದುವವರಿಗೆ ಒಂದು ಸಂಗತಿ ಎದ್ದು ತೋರುವುದು. ಯಾವ ಶಕವರ್ಷದ ಯಾವ ಸಂವತ್ಸರದಲ್ಲಿ, ಯಾವ ಮಾಸದ ಯಾವ ಪಕ್ಷದ ಯಾವ ತಿಥಿಯಲ್ಲಿ, ಯಾವ ವಾರದಂದು ದಾನವು ನಡೆಯಿತೆಂಬುದನ್ನು ಅವು ಕೂದಲೆಳೆಯಷ್ಟೂ ತಪ್ಪದಂತೆ ಹೇಳುವುವು. ಆದರೆ ಆ ದಿನ ಆ ದಾನಿಯು ಬೇರೇನನ್ನು ಮಾಡಿದನು, ಏನನ್ನು ನೋಡಿದನು, ಏನನ್ನು ಚಿಂತಿಸಿದನು ಎಂಬುದನ್ನು ಹೇಳುವುದಿಲ್ಲ. ದಿನವು ಲೆಕ್ಕಕ್ಕೆ ಸಿಕ್ಕಿದೆ, ಕಥೆಗೆ ಸಿಕ್ಕಿಲ್ಲ.

ಸಾಹಿತ್ಯಚರಿತ್ರೆಯನ್ನು ಬೋಧಿಸುವವರಲ್ಲಿ ಅನೇಕರು, ದಿನದಿನವೂ ತನ್ನ ವಿಷಯವನ್ನು ತಾನೇ ಬರೆದಿಡುವ ಪದ್ಧತಿಯು ಇಂಗ್ಲಿಷ್ ವಿದ್ಯೆಯೊಡನೆ ಹಡಗಿನಲ್ಲಿ ಬಂದಿಳಿದ ವಸ್ತುವೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುವರು. ಈ ಮಾತು ಪೂರ್ಣವಾಗಿ ಸುಳ್ಳಲ್ಲ; ಆದರೆ ಪೂರ್ಣವಾಗಿ ನಿಜವೂ ಅಲ್ಲ. ಇದರಿಂದ ಒಂದು ಅನರ್ಥವೂ ಉಂಟಾಗಿರುವುದು. ದಿನಚರಿಯೆಂಬುದು ಈ ನೆಲದಲ್ಲಿ ಇರಲೇ ಇಲ್ಲವೆಂದು ನಂಬಿದವರು ಅದನ್ನು ಹುಡುಕುವುದಿಲ್ಲ. ಹುಡುಕದುದರಿಂದ ಮನೆಮನೆಯ ಅಟ್ಟದ ಹಳೆಯ ವಹಿಗಳು ಗೆದ್ದಲಿಗೆ ಆಹಾರವಾಗುತ್ತಿರುವುವು. ಆದಕಾರಣ ಈ ವಿಷಯವನ್ನು ಸ್ವಲ್ಪ ಮೂಲದಿಂದಲೇ ವಿಚಾರಿಸುವುದು ಯುಕ್ತವಾಗಿದೆ.

ಮೊದಲು ಶಬ್ದವಿಚಾರ. 'ದಿನಚರಿ' ಎಂಬುದು ಸಂಸ್ಕೃತದ 'ದಿನಚರ್ಯಾ' ಶಬ್ದದ ತದ್ಭವಪ್ರಾಯವಾದ ರೂಪ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಬರೆಹದ ಅರ್ಥವು ಎಲ್ಲಿಯೂ ಇಲ್ಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು. ಬ್ರಾಹ್ಮೀಮುಹೂರ್ತದಲ್ಲಿ ಏಳುವುದು, ದಂತಧಾವನ, ಅಂಜನ, ಅಭ್ಯಂಗ, ವ್ಯಾಯಾಮ, ಸ್ನಾನ, ಅನಂತರ ಸದ್ವೃತ್ತ, ಹೀಗೆ ಮನುಷ್ಯನು ದಿನದಲ್ಲಿ ಏನನ್ನು ಮಾಡತಕ್ಕದ್ದು ಎಂಬುದೇ ಅಲ್ಲಿಯ ವಿಷಯ. ಕೌಟಿಲ್ಯನು ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ರಾಜನ ಹಗಲನ್ನು ಎಂಟು ಭಾಗವಾಗಿಯೂ ಇರುಳನ್ನು ಎಂಟು ಭಾಗವಾಗಿಯೂ ನಾಲಿಕೆಗಳಿಂದ ಅಳೆದು, ಯಾವ ಭಾಗದಲ್ಲಿ ಯಾವ ಕಾರ್ಯವೆಂದು ವಿಧಿಸಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜನ ಉಪಭೋಗ ವಿನೋದಗಳನ್ನು ವಿಸ್ತಾರವಾಗಿ ವರ್ಣಿಸುವುದು. ಹಟ್ಟಿಯಂಗಡಿ ಸೀಮೆಯನ್ನು ಆಳಿದ ಕೆಳದಿಯ ಅರಸರಲ್ಲಿ ಬಸಪ್ಪನಾಯಕನು 1709ರಲ್ಲಿ ರಚಿಸಿದ ಶಿವತತ್ತ್ವರತ್ನಾಕರದಲ್ಲಿಯೂ ರಾಜಧರ್ಮದ ವಿಧಿಗಳು ಹೇರಳವಾಗಿರುವುವು. ತನ್ನ ವಂಶದ ಚರಿತ್ರೆಯನ್ನೂ ಆತನು ಅಲ್ಲಿ ಸೇರಿಸಿರುವನು. ಇಷ್ಟೆಲ್ಲ ಇದ್ದರೂ, ಸೋಮೇಶ್ವರನಾಗಲಿ ಬಸಪ್ಪನಾಯಕನಾಗಲಿ ಒಂದು ನಿರ್ದಿಷ್ಟವಾದ ದಿನ ತಾನು ಏನನ್ನು ಮಾಡಿದೆನೆಂದು ಬರೆದುದಿಲ್ಲ. ವಿಧಿಯುಂಟು, ವೃತ್ತಾಂತವಿಲ್ಲ. ಒಂದೇ ಶಬ್ದವು 'ಮಾಡತಕ್ಕದ್ದು' ಎಂಬ ಅರ್ಥವನ್ನು ಬಿಟ್ಟು 'ಮಾಡಿದ್ದು' ಎಂಬ ಅರ್ಥಕ್ಕೆ ಬಂದುದು ಹೊಸಗನ್ನಡದ ಕಾಲದಲ್ಲಿ.

ಹಾಗಾದರೆ ಮಾಡಿದುದನ್ನು ಬರೆದಿಡುವ ಅಭ್ಯಾಸವು ಹಿಂದೆ ಇರಲೇ ಇಲ್ಲವೆ? ಇದ್ದಿತು, ಆದರೆ ಅದು ಅರ್ಥಸಂಬಂಧವಾಗಿದ್ದಿತು. ರಾಜನ ದಿನವನ್ನು ವಿಧಿಸಿದ ಆ ಅರ್ಥಶಾಸ್ತ್ರದಲ್ಲಿಯೇ, ಎರಡನೆಯ ಅಧಿಕರಣದ ಅಕ್ಷಪಟಲ ಪ್ರಕರಣವನ್ನು ನೋಡಬೇಕು. ಅಲ್ಲಿ ಆಯವ್ಯಯಗಳ ಲೆಕ್ಕವನ್ನು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ, ಪಕ್ಷಕ್ಕೊಮ್ಮೆ, ಮಾಸಕ್ಕೊಮ್ಮೆ, ಚಾತುರ್ಮಾಸ್ಯಕ್ಕೊಮ್ಮೆ, ಸಂವತ್ಸರಕ್ಕೊಮ್ಮೆ ಪರಿಶೋಧಿಸಬೇಕೆಂದು ಹೇಳಿದೆ. ಲೆಕ್ಕದ ವರ್ಷಕ್ಕೆ 354 ಅಹೋರಾತ್ರಗಳೆಂದೂ ಅದು ಆಷಾಢದಲ್ಲಿ ಮುಗಿಯುವುದೆಂದೂ ನಿಯಮ. ಈ ಮಹಾಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಕಂಡು 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳೆಂಬುದು ವಿದ್ವಾಂಸರಿಗೆಲ್ಲ ವಿದಿತವಾದ ವಿಷಯ. ಕನ್ನಡನಾಡಿನಲ್ಲಿ ಈ ಕಾರ್ಯವು ಸೇನಬೋವನದು. ಶಾಸನಗಳ ಕೊನೆಯಲ್ಲಿ ಬರೆದವನೆಂದು ಮೇಲಿಂದಮೇಲೆ ಬರುವ ಈ ಸೇನಬೋವನೇ ಮುಂದೆ ಶ್ಯಾನುಭೋಗನಾದನು. ಅವನ ಪುಸ್ತಕಕ್ಕೆ ದಿನವಹಿಯೆಂದೂ, ಮುಸಲ್ಮಾನ ಮರಾಠ ಆಡಳಿತಗಳ ಸಂಪರ್ಕದಿಂದ ರೋಜುಕಿರ್ದಿಯೆಂದೂ ಹೆಸರು ಬಂದಿತು.

ದಿನದ ಬರೆಹವು ಲೆಕ್ಕದಿಂದ ಹುಟ್ಟಿದುದು ಈ ದೇಶದ ಬಡತನವೆಂದು ಯಾರೂ ಭಾವಿಸಬೇಕಾಗಿಲ್ಲ. ಇಂಗ್ಲಿಷಿನ 'ಡೈರಿ' ಶಬ್ದಕ್ಕೆ ಮೂಲವಾದ ಲ್ಯಾಟಿನಿನ 'ದಿಯಾರಿಯುಂ' ಎಂಬುದಕ್ಕೆ ಮೊದಲ ಅರ್ಥವು ದಿನಕ್ಕೆ ಇಷ್ಟೆಂದು ಅಳೆದುಕೊಡುವ ಪಡಿ ಎಂದೇ. ಪಡಿಯ ಲೆಕ್ಕದಿಂದ ದಿನದ ಪುಸ್ತಕ, ದಿನದ ಪುಸ್ತಕದಿಂದ ಆತ್ಮವೃತ್ತಾಂತ, ಇದು ಅಲ್ಲಿಯೂ ನಡೆದ ಕ್ರಮ. ವ್ಯಾಪಾರಿಗಳು ಈಗಲೂ ಲೆಕ್ಕದ ಒಂದು ಪುಸ್ತಕವನ್ನು 'ಜರ್ನಲ್' ಎಂದು ಕರೆಯುವರಷ್ಟೆ.

ಲೆಕ್ಕದ ಬರೆಹದ ಸಾಧನವನ್ನು ಕುರಿತು ಇಲ್ಲಿ ಎರಡು ಮಾತು ಹೇಳದೆ ವಿಧಿಯಿಲ್ಲ. ಏಕೆಂದರೆ ಏನು ಉಳಿಯಿತು, ಏನು ಅಳಿಯಿತು ಎಂಬುದು ಬಹುಮಟ್ಟಿಗೆ ಸಾಧನವನ್ನೇ ಅವಲಂಬಿಸಿದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆಯುವುದು ಶ್ರಮಸಾಧ್ಯ. ಕಾವ್ಯ ಶಾಸ್ತ್ರಗಳಿಗೂ ಭೂಮಿಯ ಪತ್ರಗಳಿಗೂ ಅದು ತಕ್ಕದ್ದು. ನಿತ್ಯದ ಲೆಕ್ಕಕ್ಕೆ ಕನ್ನಡನಾಡಿನಲ್ಲಿ ಬಳಕೆಯಲ್ಲಿದ್ದುದು ಕಡತ. ಒಂದು ಗೇಣಿನಷ್ಟೋ ಅದಕ್ಕೆ ಸ್ವಲ್ಪ ಹೆಚ್ಚೋ ಅಗಲವಾಗಿ ಹಲವು ಮೊಳ ಉದ್ದವಾದ ಬಟ್ಟೆಗೆ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿ ಪುಸ್ತಕದಂತೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಹೊರಬರಲಾರಂಭಿಸಿದ ತನ್ನ ಮೈಸೂರು ಚರಿತ್ರೆಯಲ್ಲಿ ಇದನ್ನು ಬಹು ಕುತೂಹಲದಿಂದ ವರ್ಣಿಸಿರುವನು. ಕಡತಕ್ಕೆ ಒಂದು ಗುಣವುಂಟು, ಅದೇ ದೋಷವೂ ಹೌದು: ಒದ್ದೆಯ ಬಟ್ಟೆಯಿಂದ ಒರಸಿದರೆ ಬರೆಹವೆಲ್ಲ ಹೋಗಿ ಮತ್ತೆ ಹೊಸದಾಗಿ ಬರೆಯಬಹುದು. ಸಾಲ ತೀರಿದ ಮೇಲೆ ಆ ಸಾಲದ ದಿನವನ್ನು ಯಾರು ಉಳಿಸುವರು? ಉಳಿಸಲೇಬೇಕೆಂದು ಅಧಿಕಾರವು ಆಜ್ಞಾಪಿಸಿದ ಕಂದಾಯದ ಲೆಕ್ಕಗಳು ಮಾತ್ರ ತಲೆಮಾರುಗಳ ವರೆಗೆ ನಿಂತುವು. 1799ರಲ್ಲಿ ಕೆನರಾ ಪ್ರಾಂತವು ಇಂಗ್ಲಿಷರ ವಶವಾದ ಮೇಲೆ ಅಲ್ಲಿಯ ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ, 1800ರ ಮೇ ತಿಂಗಳಲ್ಲಿ ರೆವಿನ್ಯೂ ಬೋರ್ಡಿಗೆ ಬರೆದ ಪ್ರಸಿದ್ಧ ವರದಿಯಲ್ಲಿ, ವಿಜಯನಗರದ ಹರಿಹರರಾಯನ ಕಾಲದಿಂದ ಬಂದ ಭೂಕಂದಾಯದ ಇತಿಹಾಸವನ್ನು ಶ್ಯಾನುಭೋಗರ ಹಳೆಯ ಲೆಕ್ಕಗಳನ್ನೇ ಆಧರಿಸಿ ನಿರೂಪಿಸಿರುವನು. ರಾಜರು ಅಳಿದರೂ ಲೆಕ್ಕವು ಉಳಿಯಿತೆಂಬುದಕ್ಕೆ ಇದು ನಿದರ್ಶನ.

ಇನ್ನು ಎರಡನೆಯ ಅಂಶ. ದಿನಚರಿಯೆಂದರೆ ಕೇವಲ ದಿನಾಂಕವಲ್ಲ. ತಾನು ನಡೆದುದನ್ನು ತಾನೇ ತಿರುಗಿ ನೋಡುವುದು ಅದರ ಜೀವ. ಈ ತಿರುಗಿನೋಟವು ಈ ನೆಲಕ್ಕೆ ಹೊಸತೆ? ತ್ರೈವರ್ಣಿಕರ ಸಂಧ್ಯಾವಂದನೆಯನ್ನು ತೆಗೆದುಕೊಳ್ಳಬಹುದು. ಸಾಯಂಕಾಲದ ಮಂತ್ರಾಚಮನದಲ್ಲಿ ಹಗಲು ಮನಸ್ಸಿನಿಂದಲೂ ಮಾತಿನಿಂದಲೂ ಕೈಗಳಿಂದಲೂ ಕಾಲುಗಳಿಂದಲೂ ಉದರದಿಂದಲೂ ಮಾಡಿದ ಪಾಪವನ್ನು ಹಗಲು ಕಳೆಯಲೆಂದೂ, ಪ್ರಾತಃಕಾಲದಲ್ಲಿ ಇರುಳಿನ ಪಾಪವನ್ನು ಇರುಳು ಕಳೆಯಲೆಂದೂ ಪ್ರಾರ್ಥಿಸುವರು. ದಿನಕ್ಕೆ ಎರಡು ಸಾರಿ ತನ್ನ ನಡತೆಯನ್ನು ನೆನೆಯುವ ಈ ವಿಧಿಯನ್ನು ಅರ್ಥವರಿಯದೆ ಜಪಿಸುವವರೇ ಬಹುಮಂದಿಯೆಂಬುದು ಬೇರೆ ಮಾತು.

ಜೈನರಲ್ಲಿ ಈ ವಿಧಿಯು ಇನ್ನೂ ಸೂಕ್ಷ್ಮವಾಗಿ ಬೆಳೆದಿರುವುದು. ಆರು ಆವಶ್ಯಕಗಳಲ್ಲಿ ಒಂದಾದ ಪ್ರತಿಕ್ರಮಣವೆಂದರೆ ದಾಟಿಹೋದುದರಿಂದ ಹಿಂದಿರುಗುವುದು, ನಡೆದ ದೋಷವನ್ನು ನೆನೆದು ನಿಂದಿಸಿಕೊಂಡು ಬಿಡುವುದು. ದಿಗಂಬರ ಸಂಪ್ರದಾಯದ ಮೂಲಾಚಾರದಲ್ಲಿ ಅದಕ್ಕೆ ದೈವಸಿಕ, ರಾತ್ರಿಕ, ಈರ್ಯಾಪಥಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಉತ್ತಮಾರ್ಥ ಎಂದು ಏಳು ಭೇದಗಳನ್ನು ಹೇಳಿದೆ. ಈರ್ಯಾಪಥಿಕವು ನಡೆದಾಡುವಾಗ ಆದ ಹಿಂಸೆಗೆ ಸಂಬಂಧಿಸಿದುದು. ಉತ್ತಮಾರ್ಥವು ದೇಹವನ್ನು ಬಿಡುವ ಕಾಲದ್ದು. ಉಳಿದ ಹೆಸರುಗಳನ್ನು ಅಕ್ಷಪಟಲದ ಲೆಕ್ಕಪರಿಶೋಧನೆಯ ಕಾಲಗಳೊಡನೆ ಹೋಲಿಸಿ ನೋಡಿದರೆ ಆಶ್ಚರ್ಯವಾಗುವುದು. ದಿನ, ಪಕ್ಷ, ಚಾತುರ್ಮಾಸ್ಯ, ಸಂವತ್ಸರ: ಭಂಡಾರದ ಲೆಕ್ಕವನ್ನು ನೋಡುವ ಕಾಲವೂ ಆತ್ಮದ ಲೆಕ್ಕವನ್ನು ನೋಡುವ ಕಾಲವೂ ಬಹುಮಟ್ಟಿಗೆ ಒಂದೇ. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸುವುದು ಸಾಹಸವಾದೀತು. ವ್ರತಕ್ಕೂ ವ್ಯವಹಾರಕ್ಕೂ ಕಾಲವಿಭಾಗವು ಸಾಮಾನ್ಯವಾಗಿದ್ದಿತೆಂದರೆ ಸಾಕು. ಹಟ್ಟಿಯಂಗಡಿಯಂತೆ ಬಸದಿಯೂ ಬಳಿಯಲ್ಲೇ ವ್ಯಾಪಾರಸ್ಥಳವೂ ಇದ್ದ ಊರಿನಲ್ಲಿ ಶ್ರಾವಕನಾದ ವರ್ತಕನೊಬ್ಬನು ಹಗಲೆಲ್ಲ ಅಕ್ಕಿ ಮೆಣಸುಗಳ ಕ್ರಯವಿಕ್ರಯವನ್ನು ಬಳಪದಿಂದ ಬರೆದು, ಸಂಜೆ ಆ ದಿನದ ತನ್ನ ದೋಷಗಳನ್ನು ಬಾಯಿಂದ ಆಲೋಚಿಸಿಕೊಂಡಿರುವುದು ಸಹಜವಾದ ಚಿತ್ರ. ಆದರೆ ಮೊದಲನೆಯದು ಬರೆಹ, ಎರಡನೆಯದು ಪಾಠ. ಮೊದಲನೆಯದರಲ್ಲಿ ಆ ದಿನಕ್ಕೇ ಸೇರಿದ ವಿಶೇಷವುಂಟು. ಎರಡನೆಯದರಲ್ಲಿ ಎಲ್ಲರಿಗೂ ಎಲ್ಲ ದಿನಗಳಿಗೂ ಸಲ್ಲುವ ಸಾಮಾನ್ಯ ವಾಕ್ಯಗಳೇ ಇರುವುವು. ಇವೆರಡೂ ಒಂದೇ ಪುಟದಲ್ಲಿ ಕೂಡಿದ ದಿನವೇ ದಿನಚರಿಯ ಜನ್ಮದಿನ.

ಕನ್ನಡ ಸಾಹಿತ್ಯದಲ್ಲಿಯೇ ಈ ಬೇರ್ಪಾಟನ್ನು ನೋಡಬಹುದು. ಹನ್ನೆರಡನೆಯ ಶತಮಾನದ ಶಿವಶರಣರ ವಚನಗಳಲ್ಲಿ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ, ಹಳಿದುಕೊಳ್ಳುವ ದನಿಯು ಎಷ್ಟು ನಿಷ್ಠುರವಾಗಿ ಕೇಳಿಬರುವುದೆಂಬುದನ್ನು ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಆದರೆ ಯಾವ ವಚನಕ್ಕೂ ತಿಥಿಯಿಲ್ಲ. ಅದೇ ಕಾಲದ ಶಾಸನಗಳಲ್ಲಿ ತಿಥಿಯುಂಟು, ಆತ್ಮಪರೀಕ್ಷೆಯಿಲ್ಲ.

ತಿಥಿಯ ಮಾತು ಬಂದುದರಿಂದ ಒಂದು ಪ್ರಾಯೋಗಿಕವಾದ ತೊಡಕನ್ನೂ ಇಲ್ಲಿಯೇ ಹೇಳುವುದು ಲೇಸು. ದಿನಚರಿಗೆ ಬೇಕಾದುದು ಒಂದಾದಮೇಲೊಂದು ತಪ್ಪದೆ ಬರುವ ದಿನಸಂಖ್ಯೆ. ಚಾಂದ್ರಮಾನದಲ್ಲಿ ಸಂಖ್ಯೆಯು ದಿನಕ್ಕಲ್ಲ, ತಿಥಿಗೆ. ಸೂರ್ಯೋದಯವನ್ನು ಮುಟ್ಟದ ತಿಥಿಯು ಕ್ಷಯವಾಗುವುದು. ಎರಡು ಸೂರ್ಯೋದಯಗಳನ್ನು ಮುಟ್ಟಿದ ತಿಥಿಯು ವೃದ್ಧಿಯಾಗುವುದು. ಆದುದರಿಂದ ಪಂಚಮಿಯ ಮರುದಿನ ಸಪ್ತಮಿಯಾಗಬಹುದು, ಪಂಚಮಿಯೇ ಮತ್ತೊಮ್ಮೆ ಬರಬಹುದು; ಅಧಿಕಮಾಸದಲ್ಲಿ ತಿಂಗಳಿಗೆ ತಿಂಗಳೇ ಇಮ್ಮಡಿಸಬಹುದು. ಶ್ರಾದ್ಧಕ್ಕೂ ವ್ರತಕ್ಕೂ ಇದು ಪ್ರಮಾಣ. ಬಡ್ಡಿಯ ಲೆಕ್ಕಕ್ಕೆ ಇದು ಕಂಟಕ. ಕರಾವಳಿಯ ಜನರು ಸೌರಮಾನವನ್ನು ಅನುಸರಿಸುವವರಾದುದರಿಂದ ಈ ತೊಡಕು ಅವರಿಗೆ ಕಡಿಮೆ. ಮೇಷಮಾಸ 12, ಸಿಂಹಮಾಸ 17 ಎಂದು ಸಂಕ್ರಾಂತಿಯಿಂದ ದಿನಗಳನ್ನು ಎಣಿಸಿದರೆ ಒಂದು ದಿನವೂ ಕಾಣೆಯಾಗುವುದಿಲ್ಲ. ಘಟ್ಟದ ಮೇಲಿನ ಚಾಂದ್ರಮಾನದವರಿಗಿಂತ ಘಟ್ಟದ ಕೆಳಗಿನವರು ದಿನದ ಪುಸ್ತಕಕ್ಕೆ ಹೆಚ್ಚು ಅನುಕೂಲವಾದ ಪಂಚಾಂಗವನ್ನು ಹೊಂದಿದ್ದರೆಂಬುದು ಗಮನಿಸತಕ್ಕ ಸಂಗತಿ.

ಈ ಸೀಮೆಯಲ್ಲಿ ನಡೆದುದನ್ನು ತೇದಿವಾರಾಗಿ ಬರೆದಿಟ್ಟ ಹೊರಗಿನವರಲ್ಲಿ ಮುಖ್ಯನು ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ. ಈತನು 1586ರಲ್ಲಿ ಹುಟ್ಟಿ, 1614ರಲ್ಲಿ ವೆನಿಸಿನಿಂದ ಹೊರಟು, ತುರ್ಕಿ ಪಾರಸೀಕ ದೇಶಗಳಲ್ಲಿ ಸಂಚರಿಸಿ, 1623ರಲ್ಲಿ ಸೂರತಿಗೂ ಗೋವೆಗೂ ಬಂದನು. ಅದೇ ವರ್ಷ ಪೋರ್ತುಗೀಸರ ರಾಯಭಾರಿಯೊಡನೆ ಹೊನ್ನಾವರ ಗೇರಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನು ಹತ್ತಿ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೋಗಿ, ಅಲ್ಲಿಂದ ಬಸರೂರಿಗೆ ಇಳಿದು ಮಂಗಳೂರಿನ ಕಡೆಗೆ ಸಾಗಿದನು. ಬಸರೂರನ್ನು ಆತನು ಮೇಲಣದು ಕೆಳಗಣದು ಎಂದು ಎರಡಾಗಿ ಹೇಳುವನು; ಮೇಲಣದು ನಾಡವರದು, ಕೆಳಗಣದು ಪೋರ್ತುಗೀಸರ ಕೋಟೆಯಿದ್ದುದು. ನೇಪಲ್ಸಿನಲ್ಲಿದ್ದ ಮಾರಿಯೊ ಸ್ಕಿಪಾನೋ ಎಂಬ ಮಿತ್ರನಿಗೆ ಪತ್ರರೂಪವಾಗಿ ಬರೆದರೂ, ಒಳಗೆ ತಾರೀಕಿನ ಮೇಲೆ ತಾರೀಕು ಬರುವ ಆ ಬರೆಹವು ನಿಜವಾಗಿ ದಿನಚರಿಯೇ ಆಗಿದೆ.

ದೆಲ್ಲಾ ವಾಲ್ಲೆಯ ಬರೆಹದ ಎರಡು ಪ್ರಸಂಗಗಳು ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾಗಿರುವುವು. ಘಟ್ಟದ ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ಕೆಲವು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಆತನು ಕಂಡನು. ಅವರು ಪಾಠವನ್ನು ರಾಗವಾಗಿ ಒಟ್ಟಿಗೆ ಹೇಳುತ್ತ, ನೆಲದ ಮೇಲೆ ಹರಡಿದ ನಯವಾದ ಮರಳಿನಲ್ಲಿ ಬೆರಳಿನಿಂದ ಬರೆಯುತ್ತಿದ್ದರು; ನೆಲವು ತುಂಬಿದಾಗ ಬರೆದುದನ್ನು ಅಳಿಸಿ ಹೊಸ ಮರಳನ್ನು ಚೆಲ್ಲಿ ಮತ್ತೆ ಬರೆಯುತ್ತಿದ್ದರು. ಕಾಗದವನ್ನು ವ್ಯಯಮಾಡದೆ ಕಲಿಯುವ ಉಪಾಯವೆಂದು ಆತನು ಅದನ್ನು ಮೆಚ್ಚಿಕೊಂಡನು. ಮರಳಿನಲ್ಲಿ ಬರೆದು ಅಳಿಸಿ ಕಲಿತ ಬಾಲಕನೇ ದೊಡ್ಡವನಾಗಿ ಕಡತದಲ್ಲಿ ಬರೆದು ಒರಸುವನು. ಈ ವಿದ್ಯಾಕ್ರಮದಲ್ಲಿ ಉಳಿಯಬೇಕಾದುದು ಕಂಠದಲ್ಲಿ ಉಳಿಯುವುದು. ಬರೆಹವು ಕಂಠಕ್ಕೆ ಏರುವ ಮೆಟ್ಟಿಲು ಮಾತ್ರ. ಹಾಗೆ ಕಲಿತವನು ತನ್ನ ದಿನವನ್ನು ಬರೆದಿಡಲಿಲ್ಲವೆಂದು ಅವನನ್ನು ಚರಿತ್ರದೃಷ್ಟಿಯಿಲ್ಲದವನೆಂದು ಹಳಿಯುವುದು ಸರಿಯಲ್ಲ. ಯಾವುದನ್ನು ಉಳಿಸಬೇಕೆಂಬ ವಿಷಯದಲ್ಲಿ ಅವನ ಎಣಿಕೆ ಬೇರೆಯಾಗಿದ್ದಿತು.

ಎರಡನೆಯ ಪ್ರಸಂಗವು ಮನಸ್ಸನ್ನು ಕಲಕುವಂಥದು. 1623ರ ನವೆಂಬರಿನಲ್ಲಿ ಇಕ್ಕೇರಿಯಲ್ಲಿ, ವಾದ್ಯಬಾರಿಸುವ ತೆಲುಗನೊಬ್ಬನ ವಿಧವೆಯು ಸಹಗಮನಕ್ಕೆ ಸಿದ್ಧಳಾಗಿರುವಳೆಂದು ಕೇಳಿ ದೆಲ್ಲಾ ವಾಲ್ಲೆ ಅವಳ ಮನೆಗೆ ಹೋದನು. ದುಭಾಷಿಯ ಮೂಲಕ ಅವಳೊಡನೆ ಮಾತನಾಡಿದನು, ನಿಲ್ಲಿಸಲು ಪ್ರಯತ್ನಿಸಿದನು. ಅವಳು ಯಾರ ಬಲವಂತವೂ ಇಲ್ಲದೆ ತನ್ನ ಇಚ್ಛೆಯಿಂದಲೇ ಹೋಗುವೆನೆಂದಳು. ಆತನು ಹೆಸರನ್ನು ಕೇಳಿ ಬರೆದುಕೊಂಡನು. ಆತನ ಬರೆಹದಲ್ಲಿ 'ಜ್ಯಾಕ್ಕಮಾ' ಎಂಬಂತಿರುವ ಆ ಹೆಸರು ಜಕ್ಕಮ್ಮ ಎಂಬುದಾಗಿರಬೇಕು. ಕನ್ನಡನಾಡಿನಲ್ಲಿ ಮಾಸ್ತಿಕಲ್ಲುಗಳಿಗೆ ಕೊರತೆಯಿಲ್ಲ. ಎತ್ತಿದ ಕೈ, ಬಳೆ, ಕೈಯಲ್ಲಿ ನಿಂಬೆಯ ಹಣ್ಣು, ಮೇಲೆ ಸೂರ್ಯಚಂದ್ರರು. ಎಷ್ಟೋ ಕಲ್ಲುಗಳಲ್ಲಿ ಹೆಸರೂ ಇಲ್ಲ. ಕಲ್ಲು ಅವಳನ್ನು ಪೂಜ್ಯಳನ್ನಾಗಿ ಮಾಡಿತು, ಮಾತನಾಡಗೊಡಲಿಲ್ಲ. ಜಕ್ಕಮ್ಮನು ಪಂಡಿತನ ಮಗಳಲ್ಲ, ಅರಸಿಯಲ್ಲ, ವಾದ್ಯಗಾರನ ಹೆಂಡತಿ. ಅವಳು ಆಡಿದ ಮಾತಿನ ಸಾರವು ನಾಲ್ಕುನೂರು ವರ್ಷಗಳಾದರೂ ತಿಳಿದುಬರುವುದಾದರೆ ಅದಕ್ಕೆ ಕಾರಣ ಒಬ್ಬ ದಾರಿಹೋಕನು ಆ ದಿನದ ಬರೆಹವನ್ನು ಆ ದಿನವೇ ಬರೆದುದು. ಆತನು ಅವಳ ಕಣ್ಣಿನಿಂದ ನೋಡಲಿಲ್ಲವೆಂಬುದು ಸತ್ಯ. ಅವಳ ಕಡೆಯ ದಿನಗಳನ್ನು ಬಲ್ಲ ಇಕ್ಕೇರಿಯ ಜನರೊಬ್ಬರೂ ಬರೆಯಲಿಲ್ಲವೆಂಬುದೂ ಸತ್ಯ.

ಆತನು ರೋಮಿಗೆ 1626ರಲ್ಲಿ ಹಿಂದಿರುಗಿ 1652ರಲ್ಲಿ ತೀರಿಕೊಂಡನು. ಹಿಂದೂಸ್ಥಾನದ ಭಾಗವು ಅಚ್ಚಾದುದು 1663ರಲ್ಲಿ.

ಅನಂತರ ಇದೇ ದಾರಿಯಲ್ಲಿ ದಿನಚರಿಯನ್ನು ಬರೆಯುತ್ತ ಬಂದವನು ಫ್ರಾನ್ಸಿಸ್ ಬುಕನನ್. ಗವರ್ನರ್ ಜನರಲ್ ವೆಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟ ಈ ವೈದ್ಯನು, 1801ರ ಪ್ರಾರಂಭದ ತಿಂಗಳುಗಳಲ್ಲಿ ಮಂಗಳೂರಿನಿಂದ ಉತ್ತರಕ್ಕೆ ಕರಾವಳಿಯುದ್ದಕ್ಕೂ ನಡೆದು ಕುಂದಾಪುರವನ್ನು ದಾಟಿದನು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆತನ ಗ್ರಂಥವು ದಿನಚರಿಯ ರೂಪದಲ್ಲಿಯೇ ಇರುವುದು. ಬಿತ್ತನೆ, ಗೇಣಿ, ತೆಂಗು, ಅಡಕೆ, ಉಪ್ಪು, ಕೂಲಿ, ಎಲ್ಲಕ್ಕೂ ಅಲ್ಲಿ ಲೆಕ್ಕವುಂಟು. ಕುಂದಾಪುರದ ಸಿಹಿನೀರಿನ ಹೂಮೀನಿಗೂ ಅಲ್ಲಿ ಸ್ಥಾನವುಂಟು. ಆದರೆ ಬರೆಯುವವನ ಹೃದಯಕ್ಕೆ ಸ್ಥಾನವಿಲ್ಲ. ಇದು ಸರಕಾರದ ದಿನವಹಿ.

ಹೃದಯಕ್ಕೆ ಸ್ಥಾನವಿರುವ ಪುಸ್ತಕವನ್ನು ಇಟ್ಟಿದ್ದವನು ಬುಕನನ್ನನು ಬರುವುದಕ್ಕೆ ಮುಂಚೆ ಈ ಸೀಮೆಗೆ ಒಡೆಯನಾಗಿದ್ದ ಟಿಪ್ಪು ಸುಲ್ತಾನನೆಂಬುದು ವಿಚಿತ್ರವಾದರೂ ನಿಜ. ಬಿದನೂರು 1763ರಲ್ಲಿ ಹೈದರನ ವಶವಾದಂದಿನಿಂದ ಕರಾವಳಿಯು ಮೈಸೂರಿಗೆ ಸೇರಿದ್ದಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ, ಸುಲ್ತಾನನ ಶಯನಾಗಾರದಲ್ಲಿ ಪಾರಸೀಕ ಭಾಷೆಯಲ್ಲಿ ಆತನೇ ಸ್ವಹಸ್ತದಿಂದ ಬರೆದಿದ್ದ ಒಂದು ಪುಸ್ತಕವು ದೊರೆಯಿತು. ಅಂಥದೊಂದು ಪುಸ್ತಕವಿದೆಯೆಂದು ಮುನ್ಷಿ ಹಬೀಬುಲ್ಲನು ಬಲ್ಲವನಾಗಿದ್ದನು. ಅದನ್ನು ಸುಲ್ತಾನನು ಇತರರ ಕಣ್ಣಿಗೆ ಬೀಳದಂತೆ ಮರೆಮಾಡುತ್ತಿದ್ದನಂತೆ. ಅದರಲ್ಲಿ 1785ರಿಂದ 1799ರ ವರೆಗೆ ಆತನು ಕಂಡ 37 ಕನಸುಗಳು, ತಾನೇ ನಿರ್ಮಿಸಿದ ಹೊಸ ಪಂಚಾಂಗದ ತಾರೀಕುಗಳೊಡನೆ, ಕೆಲವೆಡೆ ಅರ್ಥವಿವರಣೆಯೊಡನೆ ಬರೆಯಲ್ಪಟ್ಟಿರುವುವು. ಬೀಟ್ಸನ್ ಎಂಬ ಸೇನಾಧಿಕಾರಿಯು 1800ರಲ್ಲಿ ಕೆಲವನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚುಮಾಡಿದನು. ಮೂಲಪುಸ್ತಕವು ಲಂಡನ್ನಿಗೆ ಹೋಯಿತು. ರಾಜ್ಯದ ಹಗಲೆಲ್ಲ ಕಚೇರಿಯ ದಫ್ತರುಗಳಲ್ಲಿ ದಾಖಲಾಗುತ್ತಿರಲು, ಅರಸನು ತನಗಾಗಿ ಬರೆದುಕೊಂಡುದು ಇರುಳನ್ನು ಮಾತ್ರ. ಇತರರಿಗಾಗಿ ಬರೆದುದಲ್ಲವೆಂಬ ಒಂದೇ ಲಕ್ಷಣದಿಂದ ಇದು ಶಾಸನ, ಬಖರು, ಕೈಫಿಯತ್ತುಗಳಿಂದ ಬೇರೆಯಾಗಿ ನಿಲ್ಲುವುದು. ಪಾಂಡಿಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆಯು 1736ರಿಂದ 1761ರ ವರೆಗೆ ತಮಿಳಿನಲ್ಲಿ ಬರೆದ ವಿಸ್ತಾರವಾದ ದಿನಚರಿಯು ಇದಕ್ಕಿಂತ ಹಿಂದಿನದು. ಆತನೂ ವರ್ತಕನೇ. ವಹಿಯನ್ನು ಬರೆದು ಪಳಗಿದ ಕೈಯೇ ದಿನಚರಿಯನ್ನೂ ಬರೆಯಿತೆಂಬುದನ್ನು ಮರೆಯಬಾರದು.

ಹತ್ತೊಂಬತ್ತನೆಯ ಶತಮಾನದ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಕಾರ್ಯವನ್ನು ಕುರಿತು ಸ್ವದೇಶಕ್ಕೆ ಕ್ರಮವಾಗಿ ಬರೆದು ಕಳುಹಿಸಬೇಕಾಗಿದ್ದಿತು. ದಿನದಿನವೂ ಅಂತಃಕರಣವನ್ನು ಪರೀಕ್ಷಿಸಿ ಬರೆಯುವುದು ಅವರ ಮತಸಂಪ್ರದಾಯಕ್ಕೂ ಸೇರಿದುದು. ಹರ್ಮನ್ ಮೋಗ್ಲಿಂಗನು 1843ರ ಜುಲೈ 1ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ವು ತಾರೀಕು ಹೊತ್ತ ವಾರ್ತೆಯನ್ನು ಕನ್ನಡಿಗರಿಗೆ ಕಲಿಸಿತು. ಅಚ್ಚಿನ ಪಂಚಾಂಗಗಳು ಬಂದುವು. ಮನೆಯ ಯಜಮಾನರು ಅವುಗಳ ಅಂಚಿನಲ್ಲಿ ಜನನ, ಮರಣ, ಮೊದಲ ಮಳೆ, ಕರು ಹಾಕಿದ ದಿನ, ಕೊಟ್ಟ ಕಡ ಮುಂತಾದುವನ್ನು ಗುರುತು ಹಾಕುವ ರೂಢಿಯು ಬೆಳೆಯಿತು. ತರುವಾಯ ಗೆರೆ ಹಾಕಿ ತಾರೀಕು ಅಚ್ಚುಮಾಡಿದ ಡೈರಿಗಳು ವಕೀಲರ ಮನೆಗಳಿಗೂ ಮೇಷ್ಟ್ರ ಮನೆಗಳಿಗೂ ಬಂದುವು.

ಆದರೆ ವಹಿಯೂ ಪ್ರತಿಕ್ರಮಣವೂ ಕೂಡಿದುದು ಎಲ್ಲಿ ಎಂಬ ಮುಖ್ಯ ಪ್ರಶ್ನೆಗೆ ಮಿಷನ್ನಿನವರನ್ನು ಮಾತ್ರ ತೋರಿಸಿದರೆ ಉತ್ತರವು ಅರ್ಧವಾಗುವುದು. ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ರಾಯಚಂದಭಾಯಿಯೆಂಬವರನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿರುವರು. ಶ್ರೀಮದ್ ರಾಜಚಂದ್ರರೆಂದು ಪ್ರಸಿದ್ಧರಾದ ಇವರು 1867ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಗುಜರಾತಿನ ಜೈನರು. ಮುಂಬಯಿಯಲ್ಲಿ ಮುತ್ತುರತ್ನಗಳ ವ್ಯಾಪಾರಿ. ಅವರ ಗಾದಿಯ ಬಳಿ ಲೆಕ್ಕದ ಪುಸ್ತಕಗಳ ಜೊತೆಗೆ ಒಂದು ಧರ್ಮಗ್ರಂಥವೂ ಒಂದು ದಿನಚರಿಯೂ ಸದಾ ಇರುತ್ತಿದ್ದುವೆಂದೂ, ವ್ಯವಹಾರವು ಮುಗಿದೊಡನೆ ಅವರು ಅದನ್ನು ತೆರೆದು ಮನಸ್ಸಿಗೆ ಬಂದ ಆತ್ಮವಿಚಾರವನ್ನು ಬರೆಯುತ್ತಿದ್ದರೆಂದೂ, ಅವರ ಪ್ರಕಟವಾದ ಬರೆಹಗಳಲ್ಲಿ ಬಹುಭಾಗವು ಆ ದಿನಚರಿಯದೇ ಎಂದೂ ಗಾಂಧಿಯವರು ಹೇಳುವರು. ಹಟ್ಟಿಯಂಗಡಿಯ ಬಸದಿಯ ನೆರಳಿನಲ್ಲಿ ಊಹೆಯಿಂದ ಮಾತ್ರ ಕಾಣಬಹುದಾದ ಆ ಶ್ರಾವಕವರ್ತಕನು ಇಲ್ಲಿ ಕೈಯಲ್ಲಿ ಲೇಖನಿ ಹಿಡಿದು ಸಾಕ್ಷಾತ್ತಾಗಿ ಕುಳಿತಿರುವನು. ಹಗಲು ವಹಿ, ಅನಂತರ ಪ್ರತಿಕ್ರಮಣ. ಈಗ ಎರಡೂ ಬರೆಹವೇ. ಈ ಕೂಟವನ್ನು ಕೇವಲ ಇಂಗ್ಲಿಷ್ ವಿದ್ಯೆಯ ಫಲವೆಂದು ಹೇಳುವುದು ಹೇಗೆ?

ಗಾಂಧಿಯವರಿಂದ ಅದು ವ್ರತವಾಯಿತು. ಆಶ್ರಮವಾಸಿಗಳು ನೂತ ನೂಲಿನ ಲೆಕ್ಕವನ್ನೂ ಕಳೆದ ಹೊತ್ತಿನ ಲೆಕ್ಕವನ್ನೂ ಕೊಡಬೇಕಾಗಿದ್ದಿತು. 1930ರ ದಂಡೀಯಾತ್ರೆಯಲ್ಲಿ ಪ್ರಾರ್ಥನೆ, ನೂಲುವಿಕೆ, ದಿನಚರಿಯ ಬರೆಹ ಈ ಮೂರೂ ಯಾತ್ರಿಕರಿಗೆಲ್ಲ ಕಡ್ಡಾಯವಾಗಿದ್ದುವು. ಆ ಯಾತ್ರೆಯಲ್ಲಿದ್ದ ಕನ್ನಡಿಗನು ಮೋಟೆಬೆನ್ನೂರಿನ ಮೈಲಾರ ಮಹಾದೇವನು. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿನಿಂದ ಪ್ರಾಣಬಿಟ್ಟ ಆ ತರುಣನಿಗೂ ಈ ನಿಯಮವು ಅನ್ವಯಿಸಿದ್ದಿತು. 1934ರ ಫೆಬ್ರವರಿಯಲ್ಲಿ ಹರಿಜನಯಾತ್ರೆಯ ನಿಮಿತ್ತ ಗಾಂಧಿಯವರು ಕುಂದಾಪುರಕ್ಕೂ ಬಂದರು. ಹಟ್ಟಿಯಂಗಡಿ ಸೀಮೆಯ ಜನರು ದಿನಚರಿಯ ಈ ಪ್ರಚಾರಕರನ್ನು ಕಣ್ಣಾರೆ ಕಂಡುದು ಆಗ.

ಆದುದರಿಂದ ಈ ಸೀಮೆಯಲ್ಲಿ ದಿನಚರಿಯನ್ನು ಅರಸುವವರು ಆ ಹೆಸರಿನ ಪುಸ್ತಕವನ್ನು ಅರಸಬಾರದು. ದೇವಸ್ಥಾನದ ನಿತ್ಯಪಡಿಯ ಲೆಕ್ಕ, ಮನೆಯ ದಿನಖರ್ಚಿನ ವಹಿ, ಪಂಚಾಂಗದ ಅಂಚು, ಗೇಣಿಯ ಪುಸ್ತಕ, ಇವುಗಳಲ್ಲಿ ಅಕ್ಕಿಯ ಮುಡಿಗಳ ಸಾಲಿನ ನಡುವೆ ಥಟ್ಟನೆ ಬರುವ ಲೆಕ್ಕವಲ್ಲದ ಒಂದು ವಾಕ್ಯವನ್ನು ಅರಸಬೇಕು. ನೆರೆ ಬಂದುದು, ಸಿಡುಬು ಬಂದುದು, ಮಗಳನ್ನು ಕಳುಹಿಸಿಕೊಟ್ಟುದು. ಇಂಥ ವಾಕ್ಯವು ಲೆಕ್ಕಕ್ಕೆ ಬೇಕಾದುದಲ್ಲ, ಬರೆದವನಿಗೆ ಬೇಕಾದುದು. ಲೆಕ್ಕವು ಚುಕ್ತಾ ಆಯಿತೆಂದು ಆ ಪುಸ್ತಕಗಳನ್ನು ಎಸೆಯುವವರೊಡನೆ ಅದೂ ಹೋಗುವುದು. ಪ್ರತಿ ಮಾಡುವವರೂ ಅಂಕಿಗಳನ್ನು ಬಿಟ್ಟು ಆ ವಾಕ್ಯವೊಂದನ್ನೇ ಎತ್ತಿಕೊಳ್ಳುವುದು ತರವಲ್ಲ. ಹಿಂದುಮುಂದಿನ ಲೆಕ್ಕವಿಲ್ಲದೆ ಅದರ ಕಾಲವೂ ತಿಳಿಯದು, ಅದರ ಭಾರವೂ ತಿಳಿಯದು. ಮಗಳನ್ನು ಕಳುಹಿಸಿಕೊಟ್ಟ ವಾರದಲ್ಲಿ ಮನೆಯ ಎಣ್ಣೆಯ ಖರ್ಚು ಎಷ್ಟಿದ್ದಿತೆಂಬುದೂ ಆ ವಾಕ್ಯದ ವ್ಯಾಖ್ಯಾನವೇ ಸರಿ.

ತೇದಿಯನ್ನು ನಿರ್ಣಯಿಸುವಲ್ಲಿ ಒಂದು ಎಚ್ಚರವು ಬೇಕು. ಸೌರಮಾಸದ ಮೊದಲ ದಿನವನ್ನು ಹಿಡಿಯುವ ಕ್ರಮವು ಎಲ್ಲೆಡೆಯಲ್ಲಿಯೂ ಒಂದೇ ಅಲ್ಲ. ಸಂಕ್ರಮಣವು ಸೂರ್ಯಾಸ್ತದ ಮೊದಲು ಆದರೆ ಅದೇ ದಿನ, ಅನಂತರವಾದರೆ ಮರುದಿನ ಎಂಬುದು ತಮಿಳರ ನಿಯಮ. ಹಗಲಿನ ಐದು ಭಾಗಗಳಲ್ಲಿ ಮೂರು ಕಳೆಯುವುದರೊಳಗೆ ಆದರೆ ಮಾತ್ರ ಅದೇ ದಿನವೆಂಬುದು ಮಲೆಯಾಳದವರದು. ಯಾವ ನಿಯಮವನ್ನು ಹಿಡಿದ ವಹಿಯೆಂಬುದನ್ನು ತಿಳಿಯದೆ ಇಂಗ್ಲಿಷ್ ತಾರೀಕಿಗೆ ತಿರುಗಿಸಿದರೆ ಇಡೀ ತಿಂಗಳು ಒಂದು ದಿನ ಹಿಂದುಮುಂದಾಗುವ ಸಂಭವವುಂಟು. ವಾರವನ್ನು ಸ್ಪಷ್ಟವಾಗಿ ಬರೆದ ಎರಡು ಮೂರು ನಮೂದುಗಳನ್ನು ಆಯ್ದು, ಅವುಗಳಿಂದ ಮೊದಲು ಆ ಪುಸ್ತಕದ ನಿಯಮವನ್ನು ಸ್ಥಿರಪಡಿಸಿಕೊಂಡು, ಅನಂತರ ಉಳಿದ ದಿನಗಳನ್ನು ಎಣಿಸತಕ್ಕದ್ದು.